ಹಂಚಿಕೆಯ ಪಾಲು: ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ಬರವಣಿಗೆಯಲ್ಲಿ ಸ್ವಂತಿಕೆಯ ಪ್ರಶ್ನೆ

ಓದಿದವರು ಯಾರ ಒತ್ತಾಯವೂ ಇಲ್ಲದೆ ಇನ್ನೊಬ್ಬರಿಗೆ ದಾಟಿಸುವ ಬರಹ ಯಾವುದು? ಹಾಗೆ ದಾಟುವ ಗುಣಕ್ಕೂ ಬರಹದ ಸ್ವಂತಿಕೆಗೂ ಇರುವ ಸಂಬಂಧವೇನು? ಕನ್ನಡ ವಿಮರ್ಶೆ ಈ ಎರಡನ್ನು ಸಾಮಾನ್ಯವಾಗಿ ಬೇರೆ ಬೇರೆ ಲೆಕ್ಕದಲ್ಲಿ ಬರೆದುಕೊಂಡು ಬಂದಿದೆ. ಸ್ವಂತಿಕೆ ಮೌಲ್ಯವಿವೇಚನೆಯ ವಿಷಯವಾದರೆ, ಓದುಗರ ನಡುವಿನ ಹಂಚಿಕೆ ಜನಪ್ರಿಯತೆಯ ವಿಷಯವೆಂಬ ತಿಳಿವಳಿಕೆ ಇದರ ಹಿಂದಿದೆ. ಜನಪ್ರಿಯವಾದುದೆಲ್ಲ ಸವಕಲು, ಸ್ವಂತವಾದುದೆಲ್ಲ ಕೆಲವರ ಸೊತ್ತು ಎಂಬ ವಿಭಜನೆಗೂ ಇದು ಆಸ್ಪದ ಕೊಟ್ಟಿದೆ. ಈ ವಿಭಜನೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಒಂದು ಸಣ್ಣ ಭೂಭಾಗದ ಬರವಣಿಗೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಹಂಚು’ ಎಂಬ ಕ್ರಿಯಾಪದವನ್ನೇ ಮೊದಲು ಗಮನಿಸಬಹುದು. ಇದ್ದುದನ್ನು ಪಾಲು ಮಾಡಿ ಕೊಡುವುದು ಅದರ ಅರ್ಥ. ಪಡೆದವನಿಗೆ ಅದರಲ್ಲಿ ಹಕ್ಕು ಹುಟ್ಟುತ್ತದೆ. ಕೈಗೆ ಬಂದ ಕಾಗದವನ್ನು ಪಕ್ಕದವರಿಗೆ ರವಾನಿಸುವುದು ಹಂಚಿಕೆಯಲ್ಲ, ಸಾಗಣೆ. ಬರಹವೊಂದು ಹಂಚಲ್ಪಡಬೇಕಾದರೆ ಪಡೆಯುವವನಿಗೂ ಅದರಲ್ಲಿ ಪಾಲಿರಬೇಕು. ಈ ಪಾಲು ಎಲ್ಲಿಂದ ಬರುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಶಿವರಾಮ ಕಾರಂತರು, ಬೈಂದೂರಿನ ಕಡೆಯ ಮೊಗೇರಿಯಲ್ಲಿ 1918ರಲ್ಲಿ ಗೋಪಾಲಕೃಷ್ಣ ಅಡಿಗರು, ಕುಂದಾಪುರದಲ್ಲಿ 1945ರಲ್ಲಿ ವೈದೇಹಿಯವರು ಹುಟ್ಟಿದರು. ಆಧುನಿಕ ಕನ್ನಡ ಸಾಹಿತ್ಯದ ಮೂರು ಭಿನ್ನ ದಾರಿಗಳು ಇಷ್ಟು ಹತ್ತಿರದ ಊರುಗಳಿಂದ ಹೊರಟದ್ದು ಆಕಸ್ಮಿಕವಿರಬಹುದು. ಆದರೆ ಮೂವರೂ ಕಿವಿತೆರೆದ ಪರಿಸರ ಒಂದೇ: ರಾತ್ರಿಯಿಡೀ ಚೆಂಡೆ ಕೇಳಿಸುವ ಬಯಲು. ಆದ್ದರಿಂದ ಚರ್ಚೆಯನ್ನು ಅಚ್ಚಿನ ಪುಸ್ತಕದಿಂದಲ್ಲ, ಆಟದಿಂದ ಆರಂಭಿಸುವುದು ಸೂಕ್ತ.

ಯಕ್ಷಗಾನ ಪ್ರಸಂಗವನ್ನು ಇಂದಿನ ಅರ್ಥದಲ್ಲಿ ಸ್ವಂತ ಕೃತಿಯೆನ್ನುವುದು ಕಷ್ಟ. ಕತೆ ಮಹಾಭಾರತದ್ದು, ಭಾಗವತದ್ದು, ರಾಮಾಯಣದ್ದು. ಅನೇಕ ಕಡೆ ಕುಮಾರವ್ಯಾಸನ ನೆರಳು ಸ್ಪಷ್ಟವಾಗಿಯೇ ಕಾಣುತ್ತದೆ. ಪ್ರೇಕ್ಷಕನಿಗೆ ಮುಂದೇನಾಗುತ್ತದೆಂಬುದು ಮೊದಲೇ ಗೊತ್ತು. ಹಾಗಿದ್ದೂ ಬಡಗುತಿಟ್ಟಿನ ಈ ಸೀಮೆಯಲ್ಲಿ ಮಂದಾರ್ತಿಯಂತಹ ಕ್ಷೇತ್ರದ ಮೇಳಕ್ಕೆ ಹರಕೆಯ ಆಟ ಆಡಿಸಲು ಜನ ವರ್ಷಗಟ್ಟಲೆ ಕಾಯುತ್ತಾರೆ. ಹರಕೆಯ ಭಕ್ತಿ ಇದಕ್ಕೆ ಒಂದು ಕಾರಣ. ಆದರೆ ಬೆಳಗಾದ ಮೇಲೆ ಚಹಾದಂಗಡಿಯಲ್ಲಿ ನಡೆಯುವ ಮಾತು ಭಕ್ತಿಯದಲ್ಲ. ‘ನಿನ್ನೆಯ ಕೌರವ ಏನು ಹೇಳಿದ’ ಎಂಬುದು ಅಲ್ಲಿನ ವಿಷಯ. ಪ್ರಸಂಗದಲ್ಲಿ ಪದ್ಯವಷ್ಟೇ ಸ್ಥಿರ. ಭಾಗವತ ಹಾಡಿದ ಮೇಲೆ ವೇಷಧಾರಿ ಆಡುವ ಅರ್ಥ ಬರೆದಿಟ್ಟದ್ದಲ್ಲ. ಅದು ಆ ರಾತ್ರಿಯದು, ಎದುರು ನಿಂತ ಪಾತ್ರಧಾರಿಯ ಮಾತಿಗೆ ಕೊಟ್ಟ ಉತ್ತರ. ಪ್ರಸಂಗಕರ್ತ ತನ್ನ ಪಠ್ಯದಲ್ಲಿ ಮುಕ್ಕಾಲು ಪಾಲು ಜಾಗವನ್ನು ಖಾಲಿ ಬಿಟ್ಟಿದ್ದಾನೆ ಎಂದರೂ ನಡೆದೀತು. ಆ ಖಾಲಿ ಜಾಗವೇ ಅರ್ಥಧಾರಿಯ ಪಾಲು. ಮರುದಿನ ಅದನ್ನು ಎತ್ತಿ ಆಡುವ ಪ್ರೇಕ್ಷಕನದೂ ಹೌದು. ಹಳೆಯ ಕತೆಯ ಹೊಸತನ ನೆಲೆಸಿರುವುದು ಇಲ್ಲಿ.

ಓದು ಬರಹ ಕಲಿಯದವರೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ‘ಕವಿರಾಜಮಾರ್ಗ’ ಕನ್ನಡಿಗರನ್ನು ಹೊಗಳಿದ್ದನ್ನು ಹೆಮ್ಮೆಯ ಮಾತಾಗಿ ಉಲ್ಲೇಖಿಸುವುದು ರೂಢಿ. ಅದನ್ನು ಹಂಚಿಕೆಯ ಸಿದ್ಧಾಂತವಾಗಿಯೂ ಓದಲು ಸಾಧ್ಯವಿದೆ. ಕೇಳುಗನೂ ಪ್ರಯೋಗಶೀಲನಾಗಿರುವ ಸಮಾಜದಲ್ಲಿ ಬರಹಗಾರ ಎಲ್ಲವನ್ನೂ ತಾನೇ ಹೇಳಿ ಮುಗಿಸಬೇಕಾಗಿಲ್ಲ.

ಕಾರಂತರ ಬರವಣಿಗೆಯಲ್ಲಿ ಈ ಪ್ರಶ್ನೆ ಬೇರೊಂದು ರೂಪ ತಾಳುತ್ತದೆ. ಮೂರು ಸಂಪುಟಗಳ ‘ಬಾಲಪ್ರಪಂಚ’ ಮತ್ತು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ಗಳ ವಿಷಯ ಅವರು ಕಂಡುಹಿಡಿದದ್ದಲ್ಲ. ಅದು ಹೊರಗಿನ ಗ್ರಂಥಗಳಿಂದ ಬಂದ ಜ್ಞಾನ. ಕಟ್ಟುನಿಟ್ಟಾಗಿ ನೋಡಿದರೆ ಇವು ಸಂಗ್ರಹಕಾರ್ಯಗಳು. ಆದರೆ ಒಬ್ಬನೇ ಲೇಖಕ, ಕನ್ನಡ ಮಾತ್ರ ಬಲ್ಲ ಓದುಗನನ್ನು ಎದುರಿಗೆ ಕೂರಿಸಿಕೊಂಡು, ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುತ್ತ ಹೋಗುವ ಕೆಲಸ ಅನುವಾದವೂ ಅಲ್ಲ, ನಕಲೂ ಅಲ್ಲ. ಸ್ವಂತಿಕೆಯನ್ನು ವಸ್ತುವಿನಲ್ಲಷ್ಟೇ ಹುಡುಕುವ ಅಭ್ಯಾಸ ಇಂತಹ ಕೃತಿಗಳಿಗೆ ಅನ್ಯಾಯ ಮಾಡಿದೆ. ಕಾರಂತರ ಕಾದಂಬರಿಗಳ ಕುರಿತು ಪ್ರಬಂಧಗಳ ಮೇಲೆ ಪ್ರಬಂಧಗಳು ಬಂದಿದ್ದರೂ ಈ ಸಂಪುಟಗಳ ಗದ್ಯದ ಬಗೆಗೆ ಅಷ್ಟೇ ಗಂಭೀರವಾದ ಅಧ್ಯಯನ ಆಗಬೇಕಾಗಿದೆ.

1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತ ‘ಯಕ್ಷಗಾನ ಬಯಲಾಟ’ದಲ್ಲಿ ಕಾರಂತರು ತಾವು ಬೆಳೆದ ಸೀಮೆಯ ಕಲೆಯನ್ನು ಅಲ್ಲಿಯವರೇ ಹಾಗೆ ನೋಡಿರದ ರೀತಿಯಲ್ಲಿ ನೋಡಿದರು. ‘ಮರಳಿ ಮಣ್ಣಿಗೆ’ ಇನ್ನೂ ಸ್ಪಷ್ಟ ನಿದರ್ಶನ. ಸಮುದ್ರದಂಡೆಯ ಗ್ರಾಮವೊಂದರ ಮೂರು ತಲೆಮಾರುಗಳ ಈ ಕತೆಯಲ್ಲಿ ಬೆಂಗಳೂರಿನ ಹೋಟೆಲು ವ್ಯಾಪಾರದಿಂದ ಸಿರಿ ಕಾಣುವ ಮನೆತನವಿದೆ, ಇಂಗ್ಲಿಷ್ ವಿದ್ಯೆಯಿಂದ ಕೆಡುವ ಮಗನಿದ್ದಾನೆ, ಮದ್ರಾಸು ಮುಂಬಯಿಗಳನ್ನು ಸುತ್ತಿ ಮನೆಗೆ ಮರಳುವ ಮೊಮ್ಮಗನಿದ್ದಾನೆ. ಆದರೆ ಓದುಗನ ನೆನಪಿನಲ್ಲಿ ಉಳಿಯುವವರು ಪಾರೋತಿ, ಸರಸೋತಿ, ನಾಗವೇಣಿಯರು. ಉಪ್ಪುಗಾಳಿಯ ನೆಲದಲ್ಲಿ ಮೈಮುರಿದು ದುಡಿಯುವ ಹೆಂಗಸರು. ಕೋಟದ ಸುತ್ತಿನ ಮನೆಗಳಲ್ಲಿ ಇಂತಹ ದುಡಿಮೆ ಯಾರಿಗೂ ಸುದ್ದಿಯಾಗಿರಲಿಲ್ಲ. ಹೇಳಲು ತಕ್ಕದ್ದೆಂದು ಯಾರಿಗೂ ತೋರದಿದ್ದ ಸಂಗತಿ ಅದು. ಕಾರಂತರು ಅದನ್ನು ಹೇಳಿದರು, ಅಲಂಕಾರವಿಲ್ಲದೆ, ಕೆಲಸದ ಕ್ರಮವನ್ನು ತಪ್ಪಿಸದೆ. ಕಡಲನ್ನೇ ಕಾಣದ ಬಯಲುಸೀಮೆಯ ಓದುಗನೂ ಅದರಲ್ಲಿ ತನ್ನ ಅಜ್ಜಿಯನ್ನು ಗುರುತಿಸಿದ. ಎ. ಎನ್. ಮೂರ್ತಿರಾಯರಂತಹ ಹಿರಿಯ ಲೇಖಕರು ಅದನ್ನು ಇಂಗ್ಲಿಷಿಗೆ ದಾಟಿಸಿದ್ದೂ ಹಂಚಿಕೆಯ ಒಂದು ಬಗೆಯೇ. ಒಂದು ಪುಸ್ತಕ ಇನ್ನೊಬ್ಬ ಬರಹಗಾರನ ವರ್ಷಗಳನ್ನು ಕೇಳಿ ಪಡೆಯಬಲ್ಲದಾದರೆ ಅದರ ಗುಣಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿಯವರೆಗಿನ ವಾದಕ್ಕೆ ಅಡಿಗರು ಒಂದು ತೊಡಕು. ‘ಚಂಡೆಮದ್ದಳೆ’ (1954) ಎಂಬ ಹೆಸರನ್ನು ಬಯಲಾಟದಿಂದಲೇ ಎತ್ತಿಕೊಂಡ ಕವಿ, ಅದೇ ಸಂಗ್ರಹದಲ್ಲಿ ಕನ್ನಡ ಕಾವ್ಯದ ರೂಢ ಲಯವನ್ನು ಮುರಿದರು. ‘ಭೂಮಿಗೀತ’ (1959) ಆ ದಾರಿಯಲ್ಲಿ ಮತ್ತಷ್ಟು ಮುಂದೆ ಹೋಯಿತು. ಸ್ವಂತಿಕೆಯ ದೃಷ್ಟಿಯಿಂದ ಇವು ಅವರ ಶಿಖರಗಳು. ಆದರೆ ನಾಡಿನ ಬಾಯಲ್ಲಿ ನಿಂತ ಅಡಿಗರ ಕವಿತೆ ‘ಮೋಹನ ಮುರಳಿ’. ನವ್ಯಕ್ಕೆ ಹೊರಳುವ ಮೊದಲಿನ ಈ ಕವಿತೆ ಸುಗಮ ಸಂಗೀತದ ಮೂಲಕ ಮನೆಮನೆಗೆ ಹೋಗಿ, ‘ಅಮೆರಿಕ ಅಮೆರಿಕ’ ಚಲನಚಿತ್ರದ ಮೂಲಕ ಕವಿಯ ಹೆಸರನ್ನೂ ಅರಿಯದವರ ನಾಲಗೆಗೆ ಸೇರಿತು. ಹೆಚ್ಚು ಹಂಚಿಕೆಯಾದದ್ದು ಹೆಚ್ಚು ಸ್ವಂತವಾದದ್ದಲ್ಲ ಎಂದು ಇದರಿಂದ ತೀರ್ಮಾನಿಸಬಹುದೆ? ಅಷ್ಟು ಅವಸರ ಬೇಡ. 1962ರಲ್ಲಿ ಅಡಿಗರು ಆರಂಭಿಸಿದ ‘ಸಾಕ್ಷಿ’ ತ್ರೈಮಾಸಿಕ ಸೀಮಿತ ಓದುಗರ ಪತ್ರಿಕೆಯಾಗಿತ್ತು. ಆದರೆ ಅದರ ಓದುಗರಲ್ಲಿ ಅನೇಕರು ಸ್ವತಃ ಬರಹಗಾರರು, ಇಲ್ಲವೆ ಕಾಲೇಜುಗಳಲ್ಲಿ ಪಾಠ ಹೇಳುವವರು. ಅವರು ಓದಿದ್ದನ್ನು ಜಗಳವಾಡಿ, ಅನುಕರಿಸಿ, ವಿರೋಧಿಸಿ, ತರಗತಿಗೆ ಒಯ್ದು ಹಂಚಿದರು. ‘ಮೋಹನ ಮುರಳಿ’ ರಾಗದ ಬಲದಿಂದ ಇಡಿಯಾಗಿ ಸಾಗಿದರೆ, ನವ್ಯ ಕವಿತೆಗಳು ಒಡೆದು ಪಾಲಾಗಿ ಇತರರ ಬರಹದೊಳಗೆ ಸೇರಿದವು. ಎಣಿಕೆಗೆ ಸಿಗುವುದು ಮೊದಲನೆಯದು ಮಾತ್ರ.

ವೈದೇಹಿಯವರ ವಿಚಾರದಲ್ಲಿ ಪ್ರಶ್ನೆಗೆ ನೈತಿಕ ಆಯಾಮವೊಂದು ಸೇರಿಕೊಳ್ಳುತ್ತದೆ. ಜಾನಕಿ ಎಂಬ ಯುವ ಲೇಖಕಿ ‘ಸುಧಾ’ ವಾರಪತ್ರಿಕೆಗೆ ಕಳಿಸಿದ ಕತೆಯನ್ನು, ಅದು ನಿಜಜೀವನದ ಘಟನೆಯನ್ನು ಆಧರಿಸಿದ್ದೆಂಬ ಅಳುಕಿನಿಂದ ಪ್ರಕಟಿಸಬೇಡಿರೆಂದು ಕೇಳಿಕೊಂಡರು. ಸಂಪಾದಕರು ಕತೆಯನ್ನು ಉಳಿಸಿ ಲೇಖಕಿಯ ಹೆಸರನ್ನು ಬದಲಿಸಿದರು. ‘ವೈದೇಹಿ’ ಹುಟ್ಟಿದ್ದು ಹೀಗೆ. ಈ ಪ್ರಸಂಗವನ್ನು ಸ್ವಾರಸ್ಯಕ್ಕಾಗಿ ಹೇಳುವುದೇ ಹೆಚ್ಚು. ಆದರೆ ಇದರಲ್ಲಿ ಅಡಗಿರುವ ಸಂಕಟ ಗಮನಾರ್ಹ. ಬರಹದ ಸ್ವಂತಿಕೆ ಯಾರದೋ ಬದುಕಿನಿಂದ ಪಡೆದ ಸಾಲ. ಅದು ಹಂಚಿಕೆಯಾದಷ್ಟೂ ಆ ಬದುಕು ಬಯಲಾಗುತ್ತದೆ. ಒಳಮನೆಯ ಕತ್ತಲಲ್ಲಿ, ಬಚ್ಚಲ ಒಲೆಯ ಮುಂದೆ, ಪಿಸುಮಾತಿನಲ್ಲಿ ಹೇಳಿಕೊಂಡದ್ದನ್ನು ವಾರಪತ್ರಿಕೆಯ ಓದುಗರ ಮುಂದಿಡುವುದು ಸಣ್ಣ ಸಂಗತಿಯಲ್ಲ. ‘ಮರ ಗಿಡ ಬಳ್ಳಿ’ (1979) ಸಂಗ್ರಹದಿಂದ ಮೊದಲುಗೊಂಡು ಅವರ ಕಥನದಲ್ಲಿ ಕಾಣುವ ಸಂಯಮ, ಅರ್ಧದಲ್ಲಿ ನಿಲ್ಲುವ ವಾಕ್ಯ, ಹೇಳದೆ ಬಿಟ್ಟ ಕಾರಣ ಇವುಗಳನ್ನು ಕೇವಲ ಶೈಲಿಯೆಂದು ವಿವರಿಸಿದರೆ ಸಾಲದು. ತನಗೆ ಗೊತ್ತಿರುವುದೆಲ್ಲವನ್ನೂ ಹೇಳುವ ಅಧಿಕಾರ ತನಗಿಲ್ಲವೆಂಬ ಅರಿವು ಅಲ್ಲಿದೆ. ಬಿಟ್ಟ ಜಾಗವನ್ನು ಓದುವ ಹೆಂಗಸು ತನ್ನ ಮನೆಯ ಕತೆಯಿಂದ ತುಂಬಿಕೊಳ್ಳುತ್ತಾಳೆ. ಅರ್ಥಧಾರಿಯ ಪಾಲಿನಂತೆಯೇ ಇದೂ ಒಂದು ಪಾಲು.

‘ಗುಲಾಬಿ ಟಾಕೀಸು’ ಕತೆಯ ವಸ್ತುವೇ ಹಂಚಿಕೆ. ಸಣ್ಣ ಪೇಟೆಗೆ ಸಿನಿಮಾ ಬಂದಾಗ ಹೆಂಗಸರಿಗೆ ಮನೆಯ ಹೊರಗೊಂದು ಜಾಗ ದೊರೆಯುತ್ತದೆ. ಕಂಡ ಕತೆಯನ್ನು ತಮ್ಮತಮ್ಮೊಳಗೆ ಹೇಳಿಕೊಳ್ಳುತ್ತ ಅವರು ಬದಲಾಗುತ್ತಾರೆ. 2008ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರವಾಗಿಸುವಾಗ ಕಾಲವನ್ನು ತೊಂಬತ್ತರ ದಶಕದ ಕೊನೆಗೆ ತಂದರು. ನಾಯಕಿ ಮೀನುಗಾರರ ನಡುವೆ ಬಾಳುವ ಮುಸ್ಲಿಂ ಸೂಲಗಿತ್ತಿಯಾದಳು. ಟಾಕೀಸಿನ ಜಾಗಕ್ಕೆ ಮನೆಯ ಟೀವಿ ಬಂದಿತು. ಮೂಲಕ್ಕೆ ನಿಷ್ಠವಾಗಿಲ್ಲವೆಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ಆದರೆ ಇಷ್ಟೊಂದು ಬದಲಾವಣೆಯನ್ನು ತಾಳಿಕೊಂಡೂ ಕತೆ ತಾನಾಗಿಯೇ ಉಳಿಯಿತೆಂಬುದು ಅದರ ಕಸುವಿಗೆ ಪ್ರಮಾಣ.

ಭಾಷೆಯ ಮಾತು ಇಲ್ಲಿ ಅನಿವಾರ್ಯ. ಕುಂದಗನ್ನಡದಲ್ಲಿ ‘ಹೋಪ’, ‘ಬಪ್ಪ’, ‘ಕಾಂಬ’ ಎಂಬ ರೂಪಗಳು ಇಂದಿಗೂ ದಿನಬಳಕೆಯಲ್ಲಿವೆ. ತರಗತಿಯಲ್ಲಿ ಹಳಗನ್ನಡದ ‘ಪೋಪ’, ‘ಬರ್ಪ’ಗಳಿಗೆ ಅರ್ಥ ಬರೆಸುವ ಅಧ್ಯಾಪಕನಿಗೆ ಈ ಸೀಮೆಯ ವಿದ್ಯಾರ್ಥಿ ನಕ್ಕು, ಇದು ತನ್ನ ಅಬ್ಬಿ ಆಡುವ ಮಾತೇ ಎನ್ನಬಲ್ಲ. ಕಾರಂತರು ಈ ನುಡಿಯನ್ನು ಪರಿಸರದ ಪದಗಳ ಮಟ್ಟದಲ್ಲಿ ಬಳಸಿದರೆ, ವೈದೇಹಿ ಅದರ ಉಸಿರಿನ ಏರಿಳಿತವನ್ನೇ ಗದ್ಯಕ್ಕೆ ತಂದರು. ಅರ್ಥವಾಗದೆಂದು ಹೆದರಿ ಸವರಲಿಲ್ಲ. ಹೊರಗಿನ ಓದುಗ ಕೆಲವು ಮಾತುಗಳಲ್ಲಿ ತಡವರಿಸಿದರೂ ದೂರ ಸರಿಯಲಿಲ್ಲ.

ಈಚಿನ ವರ್ಷಗಳಲ್ಲಿ ಕುಂದಗನ್ನಡಕ್ಕೆ ಅನಿರೀಕ್ಷಿತವಾದ ಮನ್ನಣೆ ಬಂದಿದೆ. ಆಸಾಡಿ ಅಮಾಸೆಯಂದು ‘ವಿಶ್ವ ಕುಂದಾಪ್ರ ಕನ್ನಡ ದಿನ’ ಆಚರಿಸುವ ರೂಢಿ 2019ರಿಂದ ಬೆಳೆದಿದೆ. ಕುಂದಾಪುರದ ಕೆರಾಡಿಯವರಾದ ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಕಾಂತಾರ’ (2022) ಈ ಸೀಮೆಯ ನುಡಿಯನ್ನು ನಾಡಿನ ಮೂಲೆಮೂಲೆಗೆ ಕೇಳಿಸಿತು. ಇದರ ಜೊತೆಯಲ್ಲೇ ಕೈಫೋನುಗಳಲ್ಲಿ ಹರಿದಾಡುವ ಕುಂದಗನ್ನಡದ ನಗೆತುಣುಕುಗಳೂ ಇವೆ. ಇವುಗಳಲ್ಲಿ ಒಳ್ಳೆಯವು ಇಲ್ಲವೆಂದಲ್ಲ. ಆದರೆ ಬಹುಪಾಲು ತುಣುಕುಗಳಲ್ಲಿ ನುಡಿ ನಗುವಿಗೆ ಮಾತ್ರ ಒದಗುತ್ತದೆ. ಹಳ್ಳಿಯ ಮುದುಕಿಯ ಉಚ್ಚಾರವೇ ನಗೆಯ ಕಾರಣವಾಗುತ್ತದೆ. ಕರ್ತೃವಿನ ಹೆಸರಿಲ್ಲದೆ ಹರಡುವುದರಿಂದ ಇದು ಹೊಸ ಜನಪದವೆಂಬ ವಾದವೂ ಕೇಳಿಬರುತ್ತದೆ. ಈ ಹೋಲಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ. ನಟ್ಟಿ ಗದ್ದೆಯ ಹಾಡು ಪ್ರತಿ ಬಾಯಲ್ಲೂ ಒಂದಿಷ್ಟು ಬದಲಾಗುತ್ತಿತ್ತು; ಹಾಡುವವಳು ತನ್ನ ದುಃಖವನ್ನು ಒಂದು ಸಾಲಿನಲ್ಲಾದರೂ ಸೇರಿಸುತ್ತಿದ್ದಳು. ಬೆರಳ ತುದಿಯಿಂದ ಮುಂದೆ ಹೋಗುವ ತುಣುಕು ಹೋದಲ್ಲೆಲ್ಲ ಒಂದೇ. ದಾಟಿಸಿದವನು ಅದಕ್ಕೆ ಏನನ್ನೂ ಕೂಡಿಸಿಲ್ಲ, ಅದರಲ್ಲಿ ಅವನ ಪಾಲೂ ಇಲ್ಲ. ಕುಂದಗನ್ನಡದ ಸಂಶೋಧಕ ಎದುರಿಸಬೇಕಾದ ಪ್ರಶ್ನೆ ಇಲ್ಲಿದೆ: ಒಂದು ನುಡಿಗೆ ಕೇಳುಗರು ಹೆಚ್ಚುತ್ತಿರುವಾಗಲೇ ಅದರಲ್ಲಿ ಅಳಲು, ಸಿಟ್ಟಾಗಲು, ವಾದಿಸಲು ಇದ್ದ ಅವಕಾಶ ಕುಗ್ಗುತ್ತಿದೆಯೆ?

ಈ ಹಿನ್ನೆಲೆಯಲ್ಲಿ ‘ಅಕ್ಕು’ವನ್ನು ಮತ್ತೆ ಓದಬೇಕು. ಗಂಡನಿಲ್ಲದೆ, ಮಗುವಿಲ್ಲದೆ, ಮನೆಯವರ ಪಾಲಿಗೆ ಹುಚ್ಚಿಯಾದ ಅಕ್ಕುವಿನ ಮಾತು ಕೇಳಿದವರಿಗೂ ಮೊದಲು ನಗು ಬರುತ್ತದೆ. ಮನೆಯ ಮಂದಿ ನಗುತ್ತಾರೆ, ಓದುಗನೂ ಅವರೊಡನೆ ನಗುತ್ತಾನೆ. ಕತೆ ಮುಂದುವರಿದಂತೆ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ; ಅಕ್ಕುವಿನ ಅಸಂಬದ್ಧ ಮಾತಿಗಿಂತ ಸುತ್ತಲಿನವರ ಸುಸಂಬದ್ಧ ಮಾತೇ ಕ್ರೂರವಾಗಿ ಕೇಳಿಸತೊಡಗುತ್ತದೆ. ನುಡಿ ಅದೇ, ಉಚ್ಚಾರವೂ ಅದೇ. ಚಂಪಾ ಶೆಟ್ಟಿಯವರು ಇದನ್ನು ವೈದೇಹಿಯವರ ಇನ್ನೆರಡು ಕತೆಗಳೊಡನೆ ಹೆಣೆದು ‘ಅಮ್ಮಚ್ಚಿಯೆಂಬ ನೆನಪು’ (2018) ಚಲನಚಿತ್ರವಾಗಿಸಿದಾಗಲೂ ಪಾತ್ರಗಳು ಕುಂದಗನ್ನಡವನ್ನೇ ಆಡಿದವು. ಅಚ್ಚಿನಿಂದ ತೆರೆಗೆ ಬಂದ ಅಕ್ಕು ಆಗಲೂ ಮನೆಯವರನ್ನು ಮೊದಲು ನಗಿಸುತ್ತಾಳೆ.