‘ಮೇಲೆ’ ಬೇರೆ, ‘ಇಂದ’ ಬೇರೆ

ಮಕ್ಕಳೇ, ಈ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿ.

ಮಳೆ ಬಂದ ಮೇಲೆ ಬಾವಿಗೆ ನೀರು ಬಂತು.
ಮಳೆ ಬಂದದ್ದರಿಂದ ಬಾವಿಗೆ ನೀರು ಬಂತು.

ಎರಡೂ ಒಂದೇ ಅನಿಸಿತೇ? ಇನ್ನೊಮ್ಮೆ ಓದಿ. ಮೊದಲನೆಯ ವಾಕ್ಯ ಯಾವುದು ಮುಂಚೆ ನಡೆಯಿತು, ಯಾವುದು ಆಮೇಲೆ ನಡೆಯಿತು ಎಂದಷ್ಟೇ ಹೇಳುತ್ತದೆ. ಅದು ಗಡಿಯಾರದ ಮಾತು. ಎರಡನೆಯದು ಕಾರಣವನ್ನು ಹೇಳುತ್ತದೆ. ಮಳೆ ಬಾರದಿದ್ದರೆ ಬಾವಿಗೆ ನೀರು ಬರುತ್ತಿರಲಿಲ್ಲ ಎಂಬುದು ಅದರ ಅರ್ಥ.

ವಿಜ್ಞಾನ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ, ಬಾಷ್ಪೀಕರಣ ಎಂಬಂತಹ ಪದಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ನೀವೂ ಬಾಯಿಪಾಠ ಮಾಡುತ್ತೀರಿ. ಆದರೆ ಏಕೆಂದರೆ, ಆದ್ದರಿಂದ, ಆದರೂ, ಹೆಚ್ಚಿದಷ್ಟೂ ಎಂಬ ಸಣ್ಣ ಪದಗಳನ್ನು ಯಾರೂ ದಪ್ಪ ಅಕ್ಷರದಲ್ಲಿ ಹಾಕುವುದಿಲ್ಲ. ನಿಜವಾಗಿ ವಿಜ್ಞಾನವಿರುವುದು ಈ ಸಣ್ಣ ಪದಗಳಲ್ಲೇ. ಅವು ಒಂದು ವಸ್ತುವಿಗೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಹೇಳುತ್ತವೆ.

ಒಂದೇ ಬಂಡೆ, ಎರಡು ಮಣ್ಣು

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ಕಪ್ಪು ಎರೆ ಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಲಾವಾರಸ ಉಕ್ಕಿ ಹರಿದು ದಖನ್ ಪ್ರದೇಶವನ್ನು ಮುಚ್ಚಿತು. ಅದು ತಣ್ಣಗಾಗಿ ಬಸಾಲ್ಟ್ ಎಂಬ ಕರಿಯ ಬಂಡೆಯಾಯಿತು. ಕಪ್ಪು ಮಣ್ಣು ಈ ಬಂಡೆ ಶಿಥಿಲವಾಗಿ ಆದದ್ದು. ಬೀದರ್ ಕಡೆಯ ಎತ್ತರದ ಬಯಲಿನಲ್ಲಿರುವ ಕೆಂಪು ಜಂಬಿಟ್ಟಿಗೆ ಕಲ್ಲೂ ಇದೇ ಬಂಡೆಯಿಂದ ಆದದ್ದು. ಮಾತೃಶಿಲೆ ಒಂದೇ, ಆದರೂ ಬಣ್ಣ ಬೇರೆ ಬೇರೆ. ಏಕೆ?

ಬಿಸಿಲು, ಮಳೆ ಎರಡೂ ಹೆಚ್ಚಾಗಿದ್ದ ಕಾಲದಲ್ಲಿ ಬಂಡೆಯೊಳಗಿನ ಕ್ಯಾಲ್ಸಿಯಂ, ಸೋಡಿಯಂ ಮತ್ತು ಸಿಲಿಕಾ ಅಂಶಗಳು ಲಕ್ಷಾಂತರ ವರ್ಷಗಳಲ್ಲಿ ನೀರಿನಲ್ಲಿ ಕರಗಿ ಹೋದವು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಕರಗದೆ ಉಳಿದವು. ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಿನ ಬಣ್ಣ ತಾಳಿತು. ಆದ್ದರಿಂದ ಜಂಬಿಟ್ಟಿಗೆ ಕೆಂಪು. ಎರೆ ಮಣ್ಣಿನಲ್ಲಿ ಅತಿ ನುಣುಪಾದ ಜೇಡಿ ಕಣಗಳು ಉಳಿದಿವೆ. ಅವು ನೀರು ಕುಡಿದಷ್ಟೂ ಉಬ್ಬುತ್ತವೆ, ಒಣಗಿದಷ್ಟೂ ಕುಗ್ಗುತ್ತವೆ. ಆದ್ದರಿಂದಲೇ ಬೇಸಿಗೆಯಲ್ಲಿ ಹೊಲ ಬಿರುಕು ಬಿಡುತ್ತದೆ. ಇಲ್ಲಿ ‘ಆದರೂ’ ಪ್ರಶ್ನೆ ಎಬ್ಬಿಸಿತು, ‘ಆದ್ದರಿಂದ’ ಉತ್ತರ ಕೊಟ್ಟಿತು.

ನೀವೇ ಮಾಡಿ ನೋಡಿ. ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿ. ಒಂದರಲ್ಲಿ ಪುಡಿ ಮಾಡಿದ ಎರೆ ಮಣ್ಣು, ಇನ್ನೊಂದರಲ್ಲಿ ಅಷ್ಟೇ ಕೆಂಪು ಮಣ್ಣು ತುಂಬಿ. ಎರಡಕ್ಕೂ ಒಂದೊಂದು ಲೋಟ ನೀರು ಹಾಕಿ. ಯಾವುದರಿಂದ ನೀರು ಬೇಗ ತೊಟ್ಟಿಕ್ಕುತ್ತದೆ? ಮಣ್ಣೊಂದನ್ನು ಬಿಟ್ಟು ಉಳಿದುದೆಲ್ಲ ಒಂದೇ ಸಮನಾಗಿರಬೇಕು. ಒಂದಕ್ಕೆ ಹೆಚ್ಚು ನೀರು ಹಾಕಿದರೆ ‘ಏಕೆಂದರೆ’ ಎಂದು ಹೇಳುವ ಹಕ್ಕು ನಿಮಗಿರುವುದಿಲ್ಲ!

‘ಇಂದ’ ಮಾಡುವ ಕೆಲಸಗಳು

ಕನ್ನಡದ ‘ಇಂದ’ ಬಹಳ ದುಡಿಯುವ ಪ್ರತ್ಯಯ. ‘ಹುಮನಾಬಾದಿನಿಂದ ಬಂದೆ’ ಎಂದರೆ ಅದು ಜಾಗ ಹೇಳುತ್ತದೆ. ‘ಸೋಮವಾರದಿಂದ ಶಾಲೆ’ ಎಂದರೆ ಕಾಲ. ‘ಕುಡುಗೋಲಿನಿಂದ ಕೊಯ್ದ’ ಎಂದರೆ ಸಾಧನ. ‘ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ’ ಎಂದಾಗ ಕಾರಣ. ‘ಮೇಲೆ’ಯೂ ಕಡಿಮೆಯದಲ್ಲ. ‘ನೀನು ಬಂದ ಮೇಲೆ ನನಗೇನು ಚಿಂತೆ’ ಎಂದು ಅಜ್ಜಿ ಹೇಳಿದರೆ ಅಲ್ಲಿ ಕಾಲವೂ ಇದೆ, ಕಾರಣವೂ ನುಸುಳಿದೆ. ಮನೆಮಾತಿಗೆ ಇದು ಚೆಂದ. ವಿಜ್ಞಾನದ ಮಾತಿಗೆ ತೊಡಕು.

ಬಸವಕಲ್ಯಾಣದ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಕಿವಿಗೆ ಬೀಳುತ್ತವೆ. ‘ಆದ್ದರಿಂದ’ ಎನ್ನಲು ಮರಾಠಿಯಲ್ಲಿ ‘ಮ್ಹಣೂನ್’, ಉರ್ದುವಿನಲ್ಲಿ ‘ಇಸ್‌ಲಿಯೇ’, ತೆಲುಗಿನಲ್ಲಿ ‘ಕಾಬಟ್ಟಿ’. ‘ಆಮೇಲೆ’ ಎನ್ನಲು ‘ನಂತರ್’, ‘ಬಾದ್ ಮೇ’, ‘ತರ್ವಾತ’. ನಾಲ್ಕು ಭಾಷೆಗಳೂ ಇವೆರಡಕ್ಕೆ ಬೇರೆ ಬೇರೆ ಪದ ಇಟ್ಟುಕೊಂಡಿವೆ, ಗಮನಿಸಿದಿರಾ?

ಇದೇ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಎಂಬ ನ್ಯಾಯಗ್ರಂಥ ಬರೆದ. ಅದರಲ್ಲಿ ‘ಸಪಿಂಡ’ ಎಂಬ ಒಂದು ಸಂಬಂಧದ ಪದವನ್ನು ಬಿಡಿಸಿ ಹೇಳಿದ. ಒಂದೇ ದೇಹದ ಅಂಶವನ್ನು ಹಂಚಿಕೊಂಡವರು ಎಂದು ಅವನ ಅರ್ಥ. ಯಾರ ಆಸ್ತಿ ಯಾರಿಗೆ ಎಂಬ ಪ್ರಶ್ನೆಗೆ ಮುಂದೆ ನೂರಾರು ವರ್ಷ ಈ ಗ್ರಂಥವನ್ನು ನೋಡುತ್ತಿದ್ದರು.

ಹಾವು ಕಡಿದಾಗ

ಈಗ ಜೀವಕ್ಕೆ ಸಂಬಂಧಿಸಿದ ಮಾತು. ‘ಹಾವು ಕಡಿದಿತ್ತು, ಮಂತ್ರ ಹಾಕಿಸಿದ ಮೇಲೆ ಬದುಕಿದ’ ಎಂಬ ಮಾತನ್ನು ನೀವು ಕೇಳಿರಬಹುದು. ಅದು ನಿಜವೇ ಇರಬಹುದು. ಆದರೆ ‘ಮಂತ್ರ ಹಾಕಿಸಿದ್ದರಿಂದ ಬದುಕಿದ’ ಎಂದು ಅದನ್ನು ಬದಲಿಸಿದರೆ?

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಅವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ಕೇರೆ ಹಾವು ಕಡಿದವನು ಮಂತ್ರ ಹಾಕಿಸಿದರೂ ಬದುಕುತ್ತಾನೆ, ಹಾಕಿಸದಿದ್ದರೂ ಬದುಕುತ್ತಾನೆ. ವಿಷದ ಹಾವು ಸಹ ಕೆಲವೊಮ್ಮೆ ಕಡಿದರೂ ವಿಷ ಬಿಡುವುದಿಲ್ಲ. ಹೀಗೆ ಬದುಕಿದವರೆಲ್ಲರ ಲೆಕ್ಕ ಮಂತ್ರದ ಖಾತೆಗೆ ಸೇರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇವು ಕಡಿದು ವಿಷ ಬಿಟ್ಟಾಗ ಮಂತ್ರಕ್ಕೆಂದು ಕಳೆದ ಒಂದೊಂದು ಗಂಟೆಯೂ ಅಪಾಯ ಹೆಚ್ಚಿಸುತ್ತದೆ.

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರವು ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಆದೇಶಿಸಿತು.

ಇನ್ನೊಂದು ತಪ್ಪು ‘ಆದ್ದರಿಂದ’ ಕೂಡ ಜೀವ ತೆಗೆಯುತ್ತದೆ. ‘ಊತವಿಲ್ಲ, ನೋವಿಲ್ಲ, ಆದ್ದರಿಂದ ವಿಷವಿಲ್ಲ’ ಎನ್ನುತ್ತಾರೆ. ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಊತ, ನೋವು ಇಲ್ಲದೆಯೂ ಇರಬಹುದು. ಕೆಲವು ಗಂಟೆಗಳ ನಂತರ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರಾಟಕ್ಕೆ ಕಷ್ಟವಾಗುತ್ತದೆ. ಏಕೆಂದರೆ ಆ ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ.

ಹಾವು ಕಡಿದರೆ ಓಡಬಾರದು. ಕಡಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆದು, ಕೈಕಾಲು ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ ಬೇಗ ಆಸ್ಪತ್ರೆ ಸೇರಿಸಬೇಕು. ವಿಷಕ್ಕೆ ಮದ್ದು ಪ್ರತಿವಿಷ ಒಂದೇ. ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿದಾಗ ಅದರ ರಕ್ತದಲ್ಲಿ ವಿಷವನ್ನು ಹಿಡಿದು ಕಟ್ಟುವ ವಸ್ತು ಉಂಟಾಗುತ್ತದೆ. ಅದರಿಂದಲೇ ಪ್ರತಿವಿಷ ತಯಾರಾಗುತ್ತದೆ. ಇಲ್ಲಿ ‘ಇಂದ’ವನ್ನು ಧೈರ್ಯವಾಗಿ ಬಳಸಬಹುದು, ಏಕೆಂದರೆ ಪ್ರಯೋಗ ಮಾಡಿ ನೋಡಿದ್ದಾರೆ.

ಬಾವಿ ಬತ್ತಿದ್ದು ಏಕೆ?

ಹಾಗೆಂದು ‘ಮೇಲೆ’ ಯಾವಾಗಲೂ ದಾರಿ ತಪ್ಪಿಸುತ್ತದೆ ಎಂದುಕೊಳ್ಳಬೇಡಿ. ಅದು ಸುಳಿವು ಕೊಡುತ್ತದೆ. ‘ಪಕ್ಕದ ಹೊಲದಲ್ಲಿ ಕೊಳವೆಬಾವಿ ಕೊರೆದ ಮೇಲೆ ನಮ್ಮ ಬಾವಿ ಬತ್ತಿತು’ ಎಂದು ಒಬ್ಬರು ಹೇಳುತ್ತಾರೆನ್ನಿ. ಜಂಬಿಟ್ಟಿಗೆಯಲ್ಲಿ ತೂತುಗಳಿರುವುದರಿಂದ ಮಳೆನೀರು ಕೆಳಗಿಳಿಯುತ್ತದೆ. ಕೆಳಗಿನ ಜೇಡಿ ಪದರ ಅದನ್ನು ತಡೆಯುತ್ತದೆ. ಆದ್ದರಿಂದ ಅವೆರಡು ಸೇರುವಲ್ಲಿ ನೀರು ನಿಲ್ಲುತ್ತದೆ. ಬೀದರ್ ನಗರದ ಸುರಂಗ ಬಾವಿ, ಅಂದರೆ ಕರೇಜ್, ಹೀಗೆ ನೆಲದೊಳಗೆ ನಿಂತ ನೀರನ್ನೇ ಹರಿಸಿಕೊಳ್ಳುತ್ತಿತ್ತು. ಕೊಳವೆಬಾವಿ ಆ ನೀರನ್ನು ಎಳೆದಿರಬಹುದು. ಆ ವರ್ಷ ಮಳೆಯೇ ಕಡಿಮೆ ಆಗಿರಲೂಬಹುದು. ಎರಡೂ ಸೇರಿರಬಹುದು.

ತಿಳಿಯುವುದು ಹೇಗೆ? ದೂರದ, ಹತ್ತಿರ ಕೊಳವೆಬಾವಿ ಇಲ್ಲದ ಬಾವಿಗಳ ನೀರೂ ಇಳಿದಿದೆಯೇ ಎಂದು ನೋಡಬೇಕು. ಅವೂ ಅಷ್ಟೇ ಇಳಿದಿದ್ದರೆ ಮಳೆಯ ಮೇಲೆ ಅನುಮಾನ ಹೆಚ್ಚುತ್ತದೆ. ಅವು ತುಂಬಿದ್ದು ಇದೊಂದೇ ಬತ್ತಿದ್ದರೆ ಕೊಳವೆಬಾವಿಯ ಮೇಲೆ.

ನಿಮ್ಮ ಊರಿನಲ್ಲಿ ತೆರೆದ ಬಾವಿ ಇದ್ದರೆ, ಗುರುಗಳ ಜೊತೆಗೆ ಹೋಗಿ, ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರಿನ ಆಳ ಅಳೆಯಿರಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ. ಪಕ್ಕದ ಕಂಬದಲ್ಲಿ ಆ ವಾರ ಮಳೆ ಬಂತೇ, ಪಂಪು ಎಷ್ಟು ಹೊತ್ತು ಓಡಿತು ಎಂದು ಬರೆಯಿರಿ. ಮೂರು ತಿಂಗಳ ನಂತರ ‘ಬಾವಿಯ ನೀರು ಇಳಿಯಿತು, ಏಕೆಂದರೆ…’ ಎಂದು ಶುರು ಮಾಡಿ ಒಂದು ವಾಕ್ಯ ಬರೆಯಿರಿ. ಬರೆಯಲು ಸಾಕಷ್ಟು ಮಾಹಿತಿ ಇಲ್ಲ ಅನಿಸಿದರೆ ಆ ಜಾಗ ಖಾಲಿ ಬಿಟ್ಟು, ಇನ್ನೂ ಮೂರು ತಿಂಗಳು ಅಳೆಯಿರಿ.