ಚಿತ್ತವಿಕಲತೆಗೆ ಆರಂಭದಲ್ಲೇ ಚಿಕಿತ್ಸೆ: ಒಂದು ಆರ್ಥಿಕ ವಿವೇಚನೆ

ಯಂತ್ರದ ಬೇರಿಂಗು ಸದ್ದು ಮಾಡತೊಡಗಿದಾಗಲೇ ಅದನ್ನು ಬದಲಿಸುವ ಮಾಲೀಕನಿಗೆ ಆಗುವ ವೆಚ್ಚ ಅಲ್ಪ. ಶಾಫ್ಟು ಮುರಿಯುವವರೆಗೆ ಕಾದವನು ದುರಸ್ತಿಯ ಖರ್ಚಿನೊಡನೆ ನಿಂತುಹೋದ ಉತ್ಪಾದನೆಯ ನಷ್ಟವನ್ನೂ ಹೊರಬೇಕಾಗುತ್ತದೆ. ಈ ತತ್ತ್ವವನ್ನು ನಮ್ಮ ಉದ್ಯಮಿಗಳಿಗೆ ಯಾರೂ ಬೋಧಿಸಬೇಕಾಗಿಲ್ಲ. ಇದೇ ತತ್ತ್ವ ತೀವ್ರ ಸ್ವರೂಪದ ಮನೋರೋಗಕ್ಕೂ ಅನ್ವಯಿಸುತ್ತದೆಯೇ, ಅನ್ವಯಿಸಿದರೆ ಅದರ ಪ್ರಯೋಜನವನ್ನು ಹಣದಲ್ಲಿ ಅಳೆಯಬಹುದೇ ಎಂಬುದನ್ನು ಹಲವು ದೇಶಗಳ ವೈದ್ಯರೂ ಅರ್ಥಶಾಸ್ತ್ರಜ್ಞರೂ ಪರಿಶೀಲಿಸಿದ್ದಾರೆ. ಅವರ ನಿರ್ಣಯಗಳನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಕಾಯಿಲೆಯೂ ಅದರ ನಷ್ಟವೂ

ಸೈಕೋಸಿಸ್ ಅಥವಾ ಚಿತ್ತವಿಕಲತೆಯಲ್ಲಿ ವ್ಯಕ್ತಿಗೆ ವಾಸ್ತವದ ಅರಿವು ತಪ್ಪುತ್ತದೆ. ಇತರರಿಗೆ ಕೇಳಿಸದ ಧ್ವನಿಗಳು ಅವನಿಗೆ ಕೇಳಿಸುತ್ತವೆ; ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಬಲವಾದ ಸಂಶಯ ಮೂಡುತ್ತದೆ; ಮಾತು ಅಸಂಬದ್ಧವಾಗುತ್ತದೆ. ಸ್ಕಿಜೋಫ್ರೇನಿಯಾ ಈ ಗುಂಪಿನ ಪ್ರಮುಖ ಕಾಯಿಲೆ. ಬಹುಪಾಲು ಪ್ರಕರಣಗಳಲ್ಲಿ ಇದು ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನವರೆಗಿನ ವಯಸ್ಸಿನಲ್ಲಿ ತಲೆದೋರುತ್ತದೆ. ಕಸುಬು ಕಲಿಯುವ, ತಂದೆಯ ಅಂಗಡಿಯ ಹೊಣೆ ಹೊರುವ ವಯಸ್ಸೂ ಅದೇ. ಆದುದರಿಂದ ಇಲ್ಲಿನ ನಷ್ಟ ಔಷಧದ ಬಿಲ್ಲಿಗೆ ಸೀಮಿತವಲ್ಲ. ಹತ್ತಾರು ವರ್ಷಗಳ ದುಡಿಮೆ ಕೈತಪ್ಪುತ್ತದೆ. ರೋಗಿಯನ್ನು ನೋಡಿಕೊಳ್ಳಲು ಮನೆಯ ಇನ್ನೊಬ್ಬರೂ ಕೆಲಸ ಬಿಡಬೇಕಾಗುತ್ತದೆ.

ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕುಂಠಿತವಾಗುತ್ತದೆಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೂ ವಿಳಂಬ ಎಲ್ಲೆಡೆ ಇದೆ. ಅಮೆರಿಕದ 21 ರಾಜ್ಯಗಳ 34 ಚಿಕಿತ್ಸಾಲಯಗಳಲ್ಲಿ 404 ಮಂದಿಯನ್ನು ಒಳಗೊಂಡು ನಡೆದ ಅಧ್ಯಯನದಲ್ಲಿ, ರೋಗ ಕಾಣಿಸಿಕೊಂಡು ಚಿಕಿತ್ಸೆ ದೊರೆಯುವವರೆಗಿನ ಅವಧಿಯ ಮಧ್ಯಮಾಂಕ 74 ವಾರಗಳಷ್ಟಿತ್ತು.

ಈ ಅಂತರವನ್ನು ತಗ್ಗಿಸಲು ರೂಪುಗೊಂಡುದೇ ಆರಂಭಿಕ ಚಿಕಿತ್ಸಾ ಕಾರ್ಯಕ್ರಮ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ದಾದಿಯರು, ಸಮಾಜ ಕಾರ್ಯಕರ್ತರು ಒಂದೇ ತಂಡವಾಗಿ ಎರಡು ಮೂರು ವರ್ಷ ರೋಗಿಯ ಜೊತೆಗಿರುತ್ತಾರೆ. ಕಡಿಮೆ ಪ್ರಮಾಣದ ಔಷಧ, ಆಪ್ತಸಮಾಲೋಚನೆ, ಕುಟುಂಬಕ್ಕೆ ತಿಳಿವಳಿಕೆ, ಓದಿಗೆ ಅಥವಾ ಉದ್ಯೋಗಕ್ಕೆ ಮರಳಲು ನೆರವು, ಇವೆಲ್ಲ ಅದರ ಅಂಗಗಳು.

ಲೆಕ್ಕ ಏನು ಹೇಳುತ್ತದೆ?

ಇಂತಹ ಕಾರ್ಯಕ್ರಮಗಳಲ್ಲಿ ಹೆಸರಾದುದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 1992ರಲ್ಲಿ ಪ್ರೊ. ಪ್ಯಾಟ್ರಿಕ್ ಮೆಕ್‌ಗೋರಿಯವರ ನೇತೃತ್ವದಲ್ಲಿ ಪ್ರಾರಂಭವಾದ 'ಎಪಿಕ್' ಕೇಂದ್ರ. ಅಲ್ಲಿ ಚಿಕಿತ್ಸೆ ಪಡೆದವರನ್ನು ಸುಮಾರು ಎಂಟು ವರ್ಷಗಳ ತರುವಾಯ, ಹಿಂದಿನ ಪದ್ಧತಿಯಲ್ಲಿ ಚಿಕಿತ್ಸೆ ಪಡೆದವರೊಡನೆ ಹೋಲಿಸಿ 2009ರಲ್ಲಿ ವರದಿ ಪ್ರಕಟಿಸಲಾಯಿತು. ಹಳೆಯ ಪದ್ಧತಿಯ ರೋಗಿಯೊಬ್ಬರಿಗೆ ವರ್ಷಕ್ಕೆ ಸರಾಸರಿ 9,503 ಆಸ್ಟ್ರೇಲಿಯನ್ ಡಾಲರ್ ವೆಚ್ಚವಾಗುತ್ತಿದ್ದರೆ, ಎಪಿಕ್ ಗುಂಪಿನವರಿಗೆ ಆದುದು 3,445 ಡಾಲರ್. ಅಂದರೆ ತಲಾ ವಾರ್ಷಿಕ ಉಳಿತಾಯ 6,058 ಡಾಲರ್. ಹಿಂದಿನ ಎರಡು ವರ್ಷಗಳಲ್ಲಿ ಸಂಬಳದ ಕೆಲಸದಲ್ಲಿದ್ದವರು ಎಪಿಕ್ ಗುಂಪಿನಲ್ಲಿ ಶೇ. 56, ಇನ್ನೊಂದರಲ್ಲಿ ಶೇ. 33. ಅಧ್ಯಯನಕ್ಕೆ ಒಳಪಟ್ಟವರ ಸಂಖ್ಯೆ ಚಿಕ್ಕದಾದುದರಿಂದ, ಉದ್ಯೋಗದ ಅಂತರವನ್ನು ಸೂಚನೆಯೆಂದು ಮಾತ್ರ ಭಾವಿಸಬೇಕು.

ಇಂಗ್ಲೆಂಡಿನಲ್ಲಿ 2011ರಲ್ಲಿ ಪ್ರೊ. ಮಾರ್ಟಿನ್ ನ್ಯಾಪ್ ಮತ್ತು ಸಂಗಡಿಗರು ನಡೆಸಿದ ಗಣನೆಯಂತೆ, ಇಂತಹ ಸೇವೆಗೆ ವ್ಯಯಿಸಿದ ಪ್ರತಿ 1 ಪೌಂಡಿಗೆ ಸುಮಾರು 18 ಪೌಂಡ್ ಉಳಿತಾಯವಾಗುತ್ತದೆ. ಇದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಸರ್ಕಾರಿ ಆರೋಗ್ಯ ಸೇವೆಯದು. ಸುಮಾರು 8 ಪೌಂಡಿನಷ್ಟು ಪ್ರಯೋಜನ ಸರ್ಕಾರದ ಹೊರಗಿನ ಸಮಾಜಕ್ಕೆ ಸಲ್ಲುತ್ತದೆ. ಇದು ಗಣಿತದ ಮಾದರಿಯಿಂದ ಬಂದ ಅಂದಾಜೇ ಹೊರತು ಖಾತೆಗೆ ಜಮೆಯಾದ ಹಣವಲ್ಲ ಎಂಬುದನ್ನು ಮರೆಯಬಾರದು. 2016ರ ಏಪ್ರಿಲಿನಿಂದ ಅಲ್ಲಿ, ಮೊದಲ ಬಾರಿಗೆ ಈ ಕಾಯಿಲೆಗೆ ತುತ್ತಾದವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿಗೆ ಎರಡು ವಾರಗಳೊಳಗೆ ಚಿಕಿತ್ಸೆ ಪ್ರಾರಂಭವಾಗಬೇಕೆಂಬ ನಿಯಮ ಬಂದಿತು.

ಡೆನ್ಮಾರ್ಕಿನ 'ಓಪಸ್' ಅಧ್ಯಯನವು ಎಚ್ಚರಿಕೆಯ ಪಾಠವನ್ನೂ ಕಲಿಸುತ್ತದೆ. 547 ರೋಗಿಗಳ ಈ ಅಧ್ಯಯನದಲ್ಲಿ ಎರಡು ವರ್ಷಗಳ ವಿಶೇಷ ಚಿಕಿತ್ಸೆಯ ಕೊನೆಗೆ ಸ್ಪಷ್ಟ ಸುಧಾರಣೆ ಕಂಡಿತಾದರೂ, ಐದು ವರ್ಷಗಳ ಹೊತ್ತಿಗೆ ರೋಗಲಕ್ಷಣಗಳಲ್ಲಿನ ಅಂತರ ಅಳಿಸಿಹೋಗಿತ್ತು. ಐದು ವರ್ಷಗಳ ಒಟ್ಟು ವೆಚ್ಚ ಓಪಸ್‌ನಲ್ಲಿ ತಲಾ 1,23,683 ಯೂರೋ, ಸಾಮಾನ್ಯ ಚಿಕಿತ್ಸೆಯಲ್ಲಿ 1,48,751 ಯೂರೋ; ಈ ವ್ಯತ್ಯಾಸವೂ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಲ್ಲ. ವಿಶೇಷ ಸೇವೆಯಿಂದ ಹೊರೆ ಹೆಚ್ಚಲಿಲ್ಲ. ಆದರೆ ಸೇವೆ ನಿಂತ ಮೇಲೂ ಫಲ ತಾನಾಗಿಯೇ ಉಳಿಯುತ್ತದೆಂದು ನಂಬುವಂತಿಲ್ಲ.

ನಮ್ಮ ನಾಡಿನಲ್ಲಿ

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಚಿತ್ತವಿಕಲತೆಯುಳ್ಳವರ ಪೈಕಿ ಸುಮಾರು ಮುಕ್ಕಾಲು ಪಾಲು ಜನರಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಇಂತಹವರಿಗೆ ಚಿಕಿತ್ಸೆ ನೀಡಿದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಪುರಾವೆಯಿದೆ. ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ರಾಜ್ಯದ ಗ್ರಾಮೀಣ ಭಾಗದಲ್ಲಿ ಚಿಕಿತ್ಸೆಯಿಲ್ಲದೆ ಉಳಿದಿದ್ದ 100 ಮಂದಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಔಷಧ ಹಾಗೂ ಬೆಂಬಲ ನೀಡಿ, ಒಂದೂವರೆ ವರ್ಷ ಗಮನಿಸಿ 2005ರಲ್ಲಿ ವರದಿ ಮಾಡಿದರು. ರೋಗಲಕ್ಷಣಗಳೂ ಕುಟುಂಬದ ಹೊರೆಯೂ ತಗ್ಗಿದುವು. ವೈದ್ಯಕೀಯೇತರ ಉಪಚಾರಗಳಿಗಾಗಿ ಅಲೆಯುವ ಖರ್ಚೂ, ಆರೈಕೆಗಾಗಿ ಮನೆಯವರು ವ್ಯಯಿಸುವ ಸಮಯವೂ ಕಡಿಮೆಯಾದುವು. ಇದು ತಡವಾಗಿ ದೊರೆತ ಚಿಕಿತ್ಸೆಯ ಫಲ. ಅದಕ್ಕೆ ಮೊದಲು ಕಳೆದುಹೋದ ವರ್ಷಗಳ ದುಡಿಮೆ ಮಾತ್ರ ಮರಳಿ ಬರುವಂಥದಲ್ಲ.

ಉದ್ಯಮಿಗಳು ಮಾಡಬಹುದಾದುದು

ಚಿಕಿತ್ಸಾ ತಂಡ ಕಟ್ಟುವುದು ಸಣ್ಣ ಘಟಕದ ಕೆಲಸವಲ್ಲ. ಆದರೆ ವಿಳಂಬವನ್ನು ತಪ್ಪಿಸುವುದರಲ್ಲಿ ಮಾಲೀಕರ ಪಾತ್ರ ಹಿರಿದು.

1. ನಿಷ್ಠೆಯಿಂದ ದುಡಿಯುತ್ತಿದ್ದ ಯುವ ನೌಕರನು ವಾರಗಟ್ಟಲೆ ನಿದ್ರೆಗೆಟ್ಟು, ಒಂಟಿಯಾಗಿ ಗೊಣಗುತ್ತ, ಎಲ್ಲರನ್ನೂ ಸಂಶಯಿಸತೊಡಗಿದರೆ ಅದನ್ನು ಅಶಿಸ್ತೆಂದು ಮಾತ್ರ ಎಣಿಸದಿರಿ. ರೋಗನಿರ್ಣಯ ವೈದ್ಯರಿಗೆ ಸೇರಿದ್ದು. ಅವನೊಡನೆ ಏಕಾಂತದಲ್ಲಿ ಮಾತನಾಡಿ, ಅವನ ಒಪ್ಪಿಗೆಯೊಡನೆ ಮನೆಯವರಿಗೆ ತಿಳಿಸಿ, ವಿಷಯವನ್ನು ಗೋಪ್ಯವಾಗಿಡಿ.

2. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕಳುಹಿಸಿ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಉಚಿತ ಸಹಾಯವಾಣಿಯ ಸಂಖ್ಯೆ 14416.

3. ಇ.ಎಸ್.ಐ. ಯೋಜನೆಯ ದೀರ್ಘಕಾಲೀನ ಕಾಯಿಲೆಗಳ ಪಟ್ಟಿಯಲ್ಲಿ ಚಿತ್ತವಿಕಲತೆಯೂ ಸೇರಿದೆ. ಅರ್ಹ ನೌಕರರಿಗೆ ಕೂಲಿಯ ಶೇ. 80ರಷ್ಟು ಭತ್ಯೆ ಎರಡು ವರ್ಷಗಳವರೆಗೆ ದೊರೆಯಬಹುದು. ಕೆಲಸದಿಂದ ತೆಗೆದರೆ ಈ ಆಸರೆಯೂ ತಪ್ಪೀತು.

4. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯಂತೆ ದೈಹಿಕ ಕಾಯಿಲೆಗೆ ಇರುವಂತೆಯೇ ಮನೋರೋಗಕ್ಕೂ ವಿಮೆ ಇರಬೇಕು. ಗುಂಪು ವಿಮೆಯ ಕರಾರನ್ನು ನವೀಕರಿಸುವಾಗ ಈ ಅಂಶವನ್ನು ಪರಿಶೀಲಿಸಿ.

5. ಗುಣಮುಖನಾಗಿ ಬಂದವನಿಗೆ ಕೆಲಕಾಲ ರಾತ್ರಿ ಪಾಳಿ ತಪ್ಪಿಸಿ, ಕೆಲಸದ ಹೊರೆಯನ್ನು ಹಂತಹಂತವಾಗಿ ಏರಿಸಿ. ವೈದ್ಯರ ಭೇಟಿಗೆ ರಜೆ ಕೊಡಿ.

ಕಸುಬು ಬಲ್ಲ ಯುವಕನೊಬ್ಬನನ್ನು ಕಾಯಿಲೆಯ ಮೊದಲ ತಿಂಗಳಲ್ಲೇ ಹೊರಗೆ ಹಾಕುವುದು ಸುಲಭ. ಆದರೆ ಚಿಕಿತ್ಸೆ ಹೆಚ್ಚು ಫಲ ಕೊಡುವ ಕಾಲವೂ ಅದೇ. ಆ ದಿನಗಳಲ್ಲಿ ಮಾಲೀಕನು ತೋರುವ ತಾಳ್ಮೆಯಿಂದ ಒಂದು ಕುಟುಂಬ ನೆಲೆ ನಿಲ್ಲಬಹುದು, ಘಟಕಕ್ಕೆ ನುರಿತ ಕೈಯೊಂದು ಉಳಿಯಬಹುದು. ಈ ವಿಷಯದಲ್ಲಿ ಕರುಣೆಯೂ ಲೆಕ್ಕವೂ ಪರಸ್ಪರ ವಿರುದ್ಧವಲ್ಲವೆಂಬುದನ್ನು ಸದಸ್ಯರು ಮನಗಾಣುವುದು ಉಚಿತ.