ಕರಾವಳಿಯ ಸಾರ್ವಜನಿಕ ಉದ್ಯಾನಗಳಿಗೆ ಹುಲ್ಲುಹಾಸು: ತಳಿಯ ಆಯ್ಕೆ, ಅಳತೆಯ ಲೆಕ್ಕ ಮತ್ತು ಖರೀದಿ ಆದೇಶ

(ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಅಧ್ಯಯನ ಲೇಖನ)

ಕೆರೆದಂಡೆ, ಕಡಲತೀರ, ಗ್ರಂಥಾಲಯದ ಅಂಗಳ, ಪಂಚಾಯತ್ ಕಚೇರಿಯ ಮುಂಭಾಗ ಮುಂತಾದ ಸ್ಥಳಗಳಲ್ಲಿ ಹುಲ್ಲುಹಾಸು ನಿರ್ಮಿಸುವ ಪ್ರಸ್ತಾವನೆಗಳು ಕರಾವಳಿಯ ಗ್ರಾಮ ಪಂಚಾಯತ್‌ಗಳ ಕ್ರಿಯಾ ಯೋಜನೆಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ಇವು ಸಣ್ಣ ಕಾಮಗಾರಿಗಳೆಂದು ತೋರಿದರೂ ಹುಲ್ಲು ಜೀವವಿರುವ ಸರಕೆಂಬುದನ್ನು ಮರೆಯಲಾಗದು. ಸಿಮೆಂಟಿನಂತೆ ದಾಸ್ತಾನಿನಲ್ಲಿರಿಸಲು ಬಾರದು. ಹಾಸಿದ ಮೇಲೆ ಪ್ರತಿ ಬೇಸಿಗೆಯಲ್ಲಿಯೂ ನೀರು ಕೇಳುತ್ತದೆ. ಈ ಎರಡು ಸಂಗತಿಗಳನ್ನು ಗಮನಿಸದೆ ನೀಡಿದ ಆದೇಶದಿಂದ ಸಾರ್ವಜನಿಕ ಹಣವೂ ಕುಡಿಯುವ ನೀರೂ ಏಕಕಾಲದಲ್ಲಿ ನಷ್ಟವಾಗುತ್ತವೆ. ಆದುದರಿಂದ ನಿರ್ಣಯ ಅಂಗೀಕರಿಸುವ ಮುನ್ನ ಸದಸ್ಯರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮಣ್ಣು ಸಹಿತ ಕತ್ತರಿಸಿ ತರುವ ಸಿದ್ಧ ಹುಲ್ಲಿನ ತುಂಡನ್ನು ಈ ಲೇಖನದಲ್ಲಿ ‘ಹುಲ್ಲುಹಾಳೆ’ ಎಂದೂ, ಅದನ್ನು ಹಾಸಿ ಬೆಳೆಸಿದ ಮೈದಾನವನ್ನು ‘ಹುಲ್ಲುಹಾಸು’ ಎಂದೂ ಕರೆಯಲಾಗಿದೆ.

1. ಮೊದಲ ಪ್ರಶ್ನೆ: ಹುಲ್ಲುಹಾಸು ಅಗತ್ಯವೇ?

ಕಡಲತೀರದ ಮರಳುದಿಬ್ಬಗಳ ಮೇಲೆ ಹುಲ್ಲುಹಾಸು ಸಲ್ಲದು. ಅಲ್ಲಿ ಸಹಜವಾಗಿ ಹಬ್ಬುವ, ಆಡಿನ ಗೊರಸಿನಂಥ ಎಲೆಯೂ ನೇರಳೆ ಹೂವೂ ಉಳ್ಳ ಕಡಲಬಳ್ಳಿ ಮತ್ತು ರಾವಣನ ಮೀಸೆ ಹುಲ್ಲು ಮರಳನ್ನು ಹಿಡಿದು ಕೊರೆತವನ್ನು ತಗ್ಗಿಸುತ್ತವೆ. ಅವುಗಳನ್ನು ಕಿತ್ತು ಕೆಮ್ಮಣ್ಣು ಸುರಿದು ಹುಲ್ಲು ಹಾಸುವುದು ತೀರದ ಕಾವಲನ್ನೇ ಕಿತ್ತಂತೆ. ಮರಳುದಿಬ್ಬಗಳು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಡಿ ಅತಿ ಸೂಕ್ಷ್ಮವಾದ ಒಂದನೆಯ ವರ್ಗಕ್ಕೆ ಸೇರಿವೆ ಎಂಬುದನ್ನೂ ಗಮನಿಸತಕ್ಕದ್ದು.

ದಟ್ಟ ಮರಗಳ ಅಡಿಯಲ್ಲಿ, ವಾಹನ ನಿಲ್ಲುವೆಡೆಯಲ್ಲಿ ಹಾಗೂ ದಿನವೂ ನೂರಾರು ಜನ ಒಂದೇ ಜಾಡಿನಲ್ಲಿ ನಡೆಯುವೆಡೆಯಲ್ಲಿಯೂ ಹುಲ್ಲು ಉಳಿಯುವುದಿಲ್ಲ. ಅಂಥ ಜಾಗಕ್ಕೆ ಮುರಕಲ್ಲು, ಜಲ್ಲಿ ಅಥವಾ ನೆರಳು ಸಹಿಸುವ ಗಿಡಗಳು ಸೂಕ್ತ. ಮಕ್ಕಳು ಕೂರುವ, ಆಡುವ, ಸಭೆ ಸೇರುವ ಬಿಸಿಲಿನ ತೆರೆದ ಜಾಗವೇ ಹುಲ್ಲುಹಾಸಿನ ನಿಜವಾದ ಸ್ಥಾನ.

2. ಬೇಸಿಗೆಯ ನೀರಿನ ಲೆಕ್ಕ

ಕರಾವಳಿಯಲ್ಲಿ ಮಳೆ ಹೇರಳವಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಬಾವಿಗಳು ತಗ್ಗುತ್ತವೆ. ನದೀಮುಖ ಮತ್ತು ತೀರದ ಬಾವಿಗಳಲ್ಲಿ ಉಪ್ಪು ಏರುತ್ತದೆ. ಹುಲ್ಲಿಗೆ ಅತಿ ಹೆಚ್ಚು ನೀರು ಬೇಕಾಗುವುದೂ ಆಗಲೇ.

ಬೇಸಿಗೆಯಲ್ಲಿ ಹಸಿರಾಗಿರಲು ಹುಲ್ಲುಹಾಸಿಗೆ ದಿನಕ್ಕೆ ಸುಮಾರು 4 ಮಿಲಿಮೀಟರ್ ಆಳದಷ್ಟು ನೀರು ಬೇಕೆಂದು ಇಟ್ಟುಕೊಳ್ಳೋಣ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಆದುದರಿಂದ 547 ಚದರ ಮೀಟರ್ ಹುಲ್ಲುಹಾಸಿಗೆ ದಿನಕ್ಕೆ ಸುಮಾರು 2,190 ಲೀಟರ್ ಬೇಕು. ಜಲ ಜೀವನ್ ಮಿಷನ್‌ನ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಹದಿಮೂರೂವರೆ ಸೆಂಟ್ಸ್‌ನಷ್ಟು ಹುಲ್ಲು 40 ಜನರ ಪಾಲಿನ ನೀರನ್ನು ಬಳಸುತ್ತದೆ. ಮಾರ್ಚ್‌ನಿಂದ ಮೇವರೆಗಿನ 92 ದಿನಗಳಿಗೆ ಇದು ಎರಡು ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 40 ಸುತ್ತು.

ವಾರ್ಡಿಗೆ ಟ್ಯಾಂಕರ್ ನೀರು ಹಂಚುವ ಪಂಚಾಯತ್, ಅದೇ ವಾರ್ಡಿನ ಹುಲ್ಲಿಗೆ ಕೊಳವೆಯಿಂದ ನೀರು ಬಿಡುತ್ತಿದ್ದರೆ ಗ್ರಾಮಸಭೆಯಲ್ಲಿ ಸದಸ್ಯರು ಕೊಡಬಹುದಾದ ಉತ್ತರ ಯಾವುದೂ ಇಲ್ಲ. ಆದುದರಿಂದ ನಿರ್ಣಯದಲ್ಲಿಯೇ ಎರಡು ವಾಕ್ಯ ಸೇರಿಸುವುದು ಸೂಕ್ತ: ಹುಲ್ಲಿನ ನೀರಿನ ಮೂಲ ಯಾವುದು ಎಂಬುದು ಒಂದು, ಗ್ರಾಮದಲ್ಲಿ ಕುಡಿಯುವ ನೀರಿನ ಸರದಿ ಆರಂಭವಾದ ದಿನದಿಂದ ಹುಲ್ಲಿಗೆ ನೀರುಣಿಸುವುದನ್ನು ನಿಲ್ಲಿಸಲಾಗುವುದು ಎಂಬುದು ಇನ್ನೊಂದು. ಬೇರು ಬಿಟ್ಟ ಗರಿಕೆ ಜಾತಿಯ ಹುಲ್ಲು ನೀರಿಲ್ಲದಾಗ ಕಂದುಬಣ್ಣಕ್ಕೆ ತಿರುಗಿ ನಿದ್ರಿಸುತ್ತದೆ. ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ಕಂದಾಗುವುದೆಲ್ಲ ಸಾಯುವುದಲ್ಲ ಎಂಬ ತಿಳಿವಳಿಕೆಯಿದ್ದರೆ ಅರ್ಧ ನೀರು ಉಳಿಯುತ್ತದೆ.

3. ತಳಿಯ ಆಯ್ಕೆ

ಆಯ್ಕೆಯನ್ನು ನಿರ್ಧರಿಸುವವು ನಾಲ್ಕು ಸಂಗತಿಗಳು: ಬಿಸಿಲು, ಉಪ್ಪು, ತುಳಿತ ಮತ್ತು ನೀರು.

ಗರಿಕೆ (ಸೈನೋಡಾನ್ ಡ್ಯಾಕ್ಟಿಲಾನ್ ಮತ್ತು ಅದರ ಮಿಶ್ರತಳಿಗಳು): ಗಣಪತಿಗೆ ಏರಿಸುವ ಗರಿಕೆಯ ಕುಲವೇ ಇದು. ಬಿಸಿಲು, ಬರ, ತುಳಿತ ಮೂರನ್ನೂ ಸಹಿಸುತ್ತದೆ. ಉಪ್ಪನ್ನೂ ಸಾಕಷ್ಟು ತಾಳಿಕೊಳ್ಳುತ್ತದೆ. ಗಾಯವಾದೆಡೆ ಬೇಗ ಹಬ್ಬಿ ಮುಚ್ಚುತ್ತದೆ. ಆಟದ ಅಂಗಳಕ್ಕೆ ಮೊದಲ ಆಯ್ಕೆ. ನೆರಳಿನಲ್ಲಿ ಮಾತ್ರ ಸೊರಗುತ್ತದೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮಳೆಗಾಲದಲ್ಲಿ ಪದೇ ಪದೇ ಕತ್ತರಿಸಬೇಕಾಗುತ್ತದೆ.

ಕಡಲ ಪಾಸ್ಪಲಂ (ಪಾಸ್ಪಲಂ ವ್ಯಾಜಿನೇಟಂ): ಉಷ್ಣವಲಯದ ತೀರಗಳಲ್ಲಿ ಸಹಜವಾಗಿ ಬೆಳೆಯುವ ಹುಲ್ಲು. ಉಪ್ಪುಗಾಳಿ, ಸವಳು ನೀರು ಹಾಗೂ ಕೆಲಕಾಲ ನಿಂತ ನೀರನ್ನು ಇಷ್ಟು ಚೆನ್ನಾಗಿ ಸಹಿಸುವ ಹುಲ್ಲುಹಾಸಿನ ತಳಿ ಇನ್ನೊಂದಿಲ್ಲ. ಇದಕ್ಕೂ ಪೂರ್ಣ ಬಿಸಿಲು ಬೇಕು. ಅಳಿವೆ ಮತ್ತು ತೀರದ ಸಮೀಪದ ಉದ್ಯಾನಗಳಿಗೆ ಪರಿಗಣಿಸಬಹುದು.

ಜಾಯ್ಸಿಯಾ: ನರ್ಸರಿಗಳಲ್ಲಿ ‘ಕೊರಿಯನ್’, ‘ಮೆಕ್ಸಿಕನ್’, ‘ಮನಿಲಾ’ ಎಂಬ ಹೆಸರುಗಳಲ್ಲಿ ದೊರೆಯುವುದು ಬಹುಮಟ್ಟಿಗೆ ಈ ಕುಲದ ಹುಲ್ಲು. ದಟ್ಟವಾಗಿ, ನಿಧಾನವಾಗಿ ಬೆಳೆಯುವುದರಿಂದ ಕತ್ತರಿಸುವ ಕೆಲಸ ಕಡಿಮೆ, ಅರೆನೆರಳನ್ನೂ ಸಹಿಸುತ್ತದೆ. ಆದರೆ ತುಳಿದು ಹಾಳಾದೆಡೆ ಮತ್ತೆ ತುಂಬಿಕೊಳ್ಳಲು ಬಹುಕಾಲ ಬೇಕು. ಕಚೇರಿಯ ಮುಂಭಾಗಕ್ಕೆ ಸರಿ. ಆಟದ ಮೈದಾನಕ್ಕೆ ಅಲ್ಲ.

ಅಗಲ ಎಲೆಯ ಕಾರ್ಪೆಟ್ ಹುಲ್ಲು (ಆಕ್ಸೊನೋಪಸ್ ಕಂಪ್ರೆಸಸ್): ನಮ್ಮಲ್ಲಿ ‘ಬಫಲೋ ಹುಲ್ಲು’ ಎಂದು ಮಾರಲ್ಪಡುತ್ತದೆ. ನೆರಳು, ಹುಳಿಮಣ್ಣು, ತೇವ ಇವೆಲ್ಲ ಇದಕ್ಕೆ ಹಿಡಿಸುತ್ತವೆ. ಉಪ್ಪು ಮತ್ತು ಬರ ಹಿಡಿಸುವುದಿಲ್ಲ. ಒಳನಾಡಿನ, ಮರಗಳಿರುವ, ನೀರಿಗೆ ಕೊರತೆಯಿಲ್ಲದ ಜಾಗಕ್ಕೆ ಒಪ್ಪುತ್ತದೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ‘ಬಫಲೋ’ ಎಂಬ ಒಂದೇ ಹೆಸರಿನಿಂದ ಆಸ್ಟ್ರೇಲಿಯಾದಲ್ಲಿ ಒಂದು, ಅಮೆರಿಕದಲ್ಲಿ ಇನ್ನೊಂದು, ದಕ್ಷಿಣ ಭಾರತದಲ್ಲಿ ಮತ್ತೊಂದು ಹುಲ್ಲನ್ನು ಕರೆಯುತ್ತಾರೆ. ಆದುದರಿಂದ ದರಪಟ್ಟಿಯಲ್ಲಿಯೂ ಆದೇಶದಲ್ಲಿಯೂ ಸಸ್ಯಶಾಸ್ತ್ರೀಯ ಹೆಸರನ್ನು ಬರೆಯತಕ್ಕದ್ದು. ‘ಉತ್ತಮ ಗುಣಮಟ್ಟದ ಲಾನ್ ಹುಲ್ಲು’ ಎಂದು ಬರೆದ ಆದೇಶಕ್ಕೆ ಯಾವ ಹುಲ್ಲು ಬಂದರೂ ತಿರಸ್ಕರಿಸಲು ಆಧಾರವಿರುವುದಿಲ್ಲ.

4. ನೀರು ಮತ್ತು ಮಣ್ಣಿನ ಪರೀಕ್ಷೆ

ನೀರಿನ ಪರೀಕ್ಷೆಯನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮಾಡಿಸಬೇಕು. ಮಳೆ ಮುಗಿದ ಹೊಸತರಲ್ಲಿ ಬಾವಿಯ ನೀರು ಸಿಹಿಯಾಗಿದ್ದು ಬೇಸಿಗೆಯ ಸತ್ಯವನ್ನು ಮರೆಮಾಚುತ್ತದೆ. ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ಯಾವ ತಳಿಯಾದರೂ ಆಗುತ್ತದೆ. 0.7ರಿಂದ 3ರವರೆಗೆ ಗರಿಕೆ ಅಥವಾ ಜಾಯ್ಸಿಯಾ. 3 ಮೀರಿದರೆ ಪಾಸ್ಪಲಂ ಹೊರತು ಬೇರೆಯದನ್ನು ಯೋಚಿಸಬಾರದು. ಪಂಚಾಯತ್‌ನಲ್ಲಿರುವ ಕ್ಷೇತ್ರ ಪರೀಕ್ಷಾ ಕಿಟ್‌ನ ಕ್ಲೋರೈಡ್ ಪರೀಕ್ಷೆಯಿಂದಲೂ ಉಪ್ಪಿನ ಪ್ರಾಥಮಿಕ ಸೂಚನೆ ದೊರೆಯುತ್ತದೆ.

ಮುರಕಲ್ಲಿನ ಕೆಂಪುಮಣ್ಣು ಸಾಮಾನ್ಯವಾಗಿ ಹುಳಿ. ಮಣ್ಣಿನ ಮಾದರಿಯನ್ನು ರೈತ ಸಂಪರ್ಕ ಕೇಂದ್ರದ ಮೂಲಕ, ಅಥವಾ ಬ್ರಹ್ಮಾವರ, ಮಂಗಳೂರು, ಶಿರಸಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಗಳ ಸಲಹೆ ಪಡೆದು ಪರೀಕ್ಷಿಸಿ, ವರದಿಯ ಪ್ರಮಾಣದಲ್ಲಿಯೇ ಸುಣ್ಣ ಸೇರಿಸತಕ್ಕದ್ದು. ಗಟ್ಟಿ ಮುರದ ಮೇಲೆ ಹುಲ್ಲುಹಾಳೆಯನ್ನು ನೇರವಾಗಿ ಹಾಸಿದರೆ ಬೇರಿಗೆ ದಾರಿಯಿಲ್ಲ. ಕನಿಷ್ಠ 10ರಿಂದ 15 ಸೆಂಟಿಮೀಟರ್ ಸಡಿಲ ಮಣ್ಣು ಬೇಕು. ಮೇಲ್ಮೈಗೆ ನೂರಕ್ಕೆ ಒಂದರಿಂದ ಎರಡರಷ್ಟು ಇಳಿಜಾರು ಕೊಟ್ಟು ಮಳೆನೀರನ್ನು ಚರಂಡಿಗೆ ಹರಿಸಬೇಕು. ಮೇಲೆ ಹೇಳಿದ 547 ಚದರ ಮೀಟರಿಗೆ 10 ಸೆಂಟಿಮೀಟರ್ ಮಣ್ಣೆಂದರೆ 55 ಘನ ಮೀಟರ್. ಕೆಲವೆಡೆ ಹುಲ್ಲಿಗಿಂತ ಮಣ್ಣಿನ ವೆಚ್ಚವೇ ಹೆಚ್ಚಾಗುವುದುಂಟು. ಅಂದಾಜುಪಟ್ಟಿಯಲ್ಲಿ ಇದು ಬಿಟ್ಟುಹೋಗಬಾರದು.

5. ಅಳತೆ: ಒಂದು ಮಾದರಿ ಲೆಕ್ಕ

ಉದ್ಯಾನದ ಜಾಗ 30 ಮೀಟರ್ × 24 ಮೀಟರ್, ಅಂದರೆ 720 ಚದರ ಮೀಟರ್ ಇದೆಯೆಂದು ಭಾವಿಸೋಣ.

ಕಳೆಯಬೇಕಾದವು:
ಕಾಲುದಾರಿ (30 × 1.5 ಮೀ.): 45 ಚ.ಮೀ.
ವೃತ್ತಾಕಾರದ ಕಟ್ಟೆ (ವ್ಯಾಸ 6 ಮೀ.): 28 ಚ.ಮೀ.
ಎರಡು ಮರಗಳ ದಟ್ಟ ನೆರಳು (ತಲಾ ವ್ಯಾಸ 8 ಮೀ.): 100 ಚ.ಮೀ.
ಉಳಿದ ನಿವ್ವಳ ವಿಸ್ತೀರ್ಣ: 547 ಚ.ಮೀ.

ತಿರುವುಗಳಲ್ಲಿ ಕತ್ತರಿಸಿ ವ್ಯರ್ಥವಾಗುವುದಕ್ಕೆ ಶೇ. 10 ಸೇರಿಸಿದರೆ 602 ಚದರ ಮೀಟರ್, ಅಂದರೆ ಸುಮಾರು 6,480 ಚದರ ಅಡಿ. ನೇರ ಅಂಚುಗಳ ಜಾಗಕ್ಕೆ ಶೇ. 5 ಸಾಕು. ಇಡೀ ಜಾಗಕ್ಕೆ ಆದೇಶ ನೀಡಿದ್ದರೆ 7,750 ಚದರ ಅಡಿಗೆ ಹಣ ತೆರಬೇಕಾಗುತ್ತಿತ್ತು.

ಇನ್ನು ಹಾಳೆಗಳ ಎಣಿಕೆ. ಒಂದು ಹಾಳೆ 1 ಅಡಿ × 2 ಅಡಿ ಎಂದು ಹೇಳಿ 3,240 ಹಾಳೆಗಳನ್ನು ಪೂರೈಸಿದರೆಂದುಕೊಳ್ಳಿ. ಪಟ್ಟಿ ಹಿಡಿದು ನೋಡಿದಾಗ ಹಾಳೆ 11 ಅಂಗುಲ × 23 ಅಂಗುಲ ಇದ್ದರೆ ಅದರ ವಿಸ್ತೀರ್ಣ 2 ಚದರ ಅಡಿಯಲ್ಲ, 1.757 ಚದರ ಅಡಿ. ಒಟ್ಟು ಬಂದದ್ದು 5,692 ಚದರ ಅಡಿ, ಕೊರತೆ 788. ಸೇರಿಸಿದ್ದ ಶೇ. 10 ಹೋಗಿ, ನಿವ್ವಳ ಜಾಗದಲ್ಲಿಯೂ ಸುಮಾರು 200 ಚದರ ಅಡಿ ಬರಿದಾಗಿ ಉಳಿಯುತ್ತದೆ. ಅಂಗುಲವೊಂದರ ವ್ಯತ್ಯಾಸ ಇಷ್ಟಾಗುತ್ತದೆ. ಆದುದರಿಂದ ಪಾವತಿ ಹಾಳೆಗಳ ಸಂಖ್ಯೆಗೆ ಅಲ್ಲ, ಹಾಸಿ ಮುಗಿದ ಮೇಲೆ ಅಳತೆ ಪುಸ್ತಕದಲ್ಲಿ ದಾಖಲಾದ ವಿಸ್ತೀರ್ಣಕ್ಕೆ ಎಂದು ಷರತ್ತು ವಿಧಿಸತಕ್ಕದ್ದು. ದರ ಕೇಳುವಾಗಲೇ ವ್ಯರ್ಥಭಾಗವನ್ನೂ ಸೇರಿಸಿ, ಹಾಸಿದ ಚದರ ಮೀಟರಿಗೆ ದರ ನಮೂದಿಸಲು ತಿಳಿಸಬೇಕು.

6. ಕಾಲ: ಮಾರ್ಚ್ ತಿಂಗಳ ಅಪಾಯ

ಹುಲ್ಲು ಹಾಸಲು ಕರಾವಳಿಯಲ್ಲಿ ಪ್ರಶಸ್ತ ಕಾಲ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ಭಾಗದವರೆಗೆ. ಮಳೆಯ ರಭಸ ತಗ್ಗಿರುತ್ತದೆ, ನೆಲದಲ್ಲಿ ತೇವವಿರುತ್ತದೆ, ಬೇಸಿಗೆಗೆ ಮುನ್ನ ಬೇರು ಇಳಿಯಲು ನಾಲ್ಕು ತಿಂಗಳು ಸಿಗುತ್ತದೆ. ಜೂನ್-ಜುಲೈನಲ್ಲಿ ಹಾಸಿದರೆ ಮಣ್ಣು ಕೊಚ್ಚಿಹೋಗುತ್ತದೆ.

ಆದರೆ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಇಂಥ ಕಾಮಗಾರಿಗಳನ್ನು ಫೆಬ್ರುವರಿ-ಮಾರ್ಚ್‌ನಲ್ಲಿ ಮುಗಿಸುವ ಒತ್ತಡ ಹುಟ್ಟುತ್ತದೆ. ಆಗ ಹಾಸಿದ ಹುಲ್ಲು ಬೇರು ಬಿಡುವ ಮೊದಲೇ ಏಪ್ರಿಲ್ ಬಿಸಿಲನ್ನು ಎದುರಿಸುತ್ತದೆ. ಬೇರಿಲ್ಲದ ಹುಲ್ಲು ನಿದ್ರಿಸಲಾರದು, ಒಣಗಿ ಸಾಯುತ್ತದೆ. ಉಪಾಯ ಸರಳ: ಏಪ್ರಿಲ್-ಮೇಯಲ್ಲಿ ನೀರು, ಮಣ್ಣಿನ ಪರೀಕ್ಷೆ, ಜೂನ್‌ನಲ್ಲಿ ನೀರು ನಿಲ್ಲುವ ತಗ್ಗುಗಳನ್ನು ಕಣ್ಣಾರೆ ಕಂಡು ಗುರುತು, ಜುಲೈ-ಆಗಸ್ಟ್‌ನಲ್ಲಿ ಖರೀದಿ ಪ್ರಕ್ರಿಯೆ, ಸೆಪ್ಟೆಂಬರ್‌ನಲ್ಲಿ ನೆಲದ ಸಿದ್ಧತೆ, ಅಕ್ಟೋಬರ್‌ನಲ್ಲಿ ಹಾಸುವಿಕೆ. ಈ ಅವಧಿ ತಪ್ಪಿದರೆ ಕಾಮಗಾರಿಯನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಒಯ್ಯುವುದೇ ಮಿತವ್ಯಯ.

ಅವಸರವಿಲ್ಲದೆಡೆ, ಗರಿಕೆಯ ಬೇರುಸಹಿತ ತುಂಡುಗಳನ್ನು 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ ನೆಟ್ಟು ಎರಡು-ಮೂರು ತಿಂಗಳಲ್ಲಿ ಹಬ್ಬಿಸುವುದು ಹುಲ್ಲುಹಾಳೆಗಿಂತ ಬಹಳ ಅಗ್ಗ. ಇಳಿಜಾರಿಗೆ ಮಾತ್ರ ಹಾಳೆ, ಸಮತಟ್ಟಿಗೆ ತುಂಡು ಎಂಬ ಮಿಶ್ರಕ್ರಮವೂ ಯೋಗ್ಯ.

7. ಖರೀದಿ ಆದೇಶದಲ್ಲಿ ಇರಬೇಕಾದ ಅಂಶಗಳು

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಉಪಬಂಧಗಳಿಗೆ ಒಳಪಟ್ಟಿರುತ್ತದೆ. ಟೆಂಡರ್ ತಪ್ಪಿಸಲು ಹುಲ್ಲು, ಮಣ್ಣು, ಕೂಲಿ ಎಂದು ಕಾಮಗಾರಿಯನ್ನು ಒಡೆಯುವಂತಿಲ್ಲ. ಹಣಕಾಸು ಆಯೋಗದ ನಿರ್ಬಂಧಿತ ಅನುದಾನವು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾದುದರಿಂದ ಅದರಿಂದ ಹುಲ್ಲುಹಾಸಿಗೆ ವೆಚ್ಚ ಮಾಡುವಂತಿಲ್ಲ. ಆದೇಶದಲ್ಲಿ ಈ ಕೆಳಗಿನವುಗಳು ಸ್ಪಷ್ಟವಾಗಿರಲಿ:

ಅ) ಸಸ್ಯಶಾಸ್ತ್ರೀಯ ಹೆಸರು, ಹಾಳೆಯ ಉದ್ದ, ಅಗಲ ಮತ್ತು ಮಣ್ಣಿನ ದಪ್ಪ (1.5ರಿಂದ 2.5 ಸೆಂ.ಮೀ.).
ಆ) ಕತ್ತರಿಸಿದ 24 ಗಂಟೆಗಳೊಳಗೆ ಹಾಸುವಿಕೆ. ಪೇರಿಸಿಟ್ಟ ಹಾಳೆ ಒಳಗೇ ಬಿಸಿಯೇರಿ ಬೇಯುತ್ತದೆ. ಆದುದರಿಂದ ಸಾಗಣೆ ರಾತ್ರಿ, ಇಳಿಸುವುದು ಮುಂಜಾನೆ. ಒಂದು ದಿನದಲ್ಲಿ ಹಾಸಬಲ್ಲಷ್ಟನ್ನೇ ಒಂದು ದಿನಕ್ಕೆ ತರಿಸಬೇಕು.
ಇ) ಕೊನ್ನಾರಿ ಗಡ್ಡೆ, ಮುಟ್ಟಿದರೆ ಮುನಿ, ಬೇರುಹುಳು ಹಾಗೂ ಆಫ್ರಿಕನ್ ಬಸವನಹುಳುವಿನ ಮೊಟ್ಟೆಗಳಿದ್ದರೆ ತಿರಸ್ಕರಿಸುವ ಹಕ್ಕು. ಕೊನ್ನಾರಿ ಒಮ್ಮೆ ಸೇರಿತೆಂದರೆ ಕೀಳಿಸುವ ಕೂಲಿಗೆ ಕೊನೆಯಿಲ್ಲ.
ಈ) 90 ದಿನಗಳ ನಿರ್ವಹಣೆ, ಸತ್ತ ಭಾಗದ ಉಚಿತ ಬದಲಾವಣೆ, ಟೆಂಡರ್ ಷರತ್ತಿನಂತೆ ಮೊತ್ತದ ಒಂದಂಶವನ್ನು ಆ ಅವಧಿಯ ನಂತರ ಪಾವತಿಸುವುದು.

8. ಸ್ಥಳದಲ್ಲಿ ಸದಸ್ಯರು ನೋಡಬಹುದಾದುದು

ಲಾರಿಯ ಮಧ್ಯದ ಪೇರಿಯಿಂದ ಹತ್ತು ಹಾಳೆ ತೆಗೆಸಿ ಅಳೆಯಿರಿ. ಹಾಳೆಯನ್ನು ಒಂದು ಅಂಚಿನಿಂದ ಹಿಡಿದೆತ್ತಿದರೆ ಹರಿಯಬಾರದು. ಹರಿದರೆ ಬೇರು ಎಳೆಯದು. ಕೈಯಿಟ್ಟರೆ ಬಿಸಿ, ಮೂಗಿಗೆ ಕೊಳೆತ ವಾಸನೆ ಬಂದರೆ ಸರಕು ಹಳತು. ಹಾಸುವಾಗ ಗೋಡೆಯ ಇಟ್ಟಿಗೆಯಂತೆ ಸಂದು ತಪ್ಪಿಸಿ, ಇಳಿಜಾರಿಗೆ ಅಡ್ಡವಾಗಿ, ಎಡೆಯಿಲ್ಲದೆ ಜೋಡಿಸಿ ರೋಲರ್ ಹಾಯಿಸಬೇಕು. ಮೊದಲ ಹತ್ತು ದಿನ ಮಳೆ ಬಾರದಿದ್ದರೆ ದಿನಕ್ಕೆರಡು ಬಾರಿ ನೀರು. ಬಳಿಕ ಕ್ರಮೇಣ ಕಡಿಮೆ. ಎರಡು-ಮೂರು ವಾರಗಳ ನಂತರ ಮೂಲೆಯೊಂದನ್ನು ಮೆಲ್ಲನೆ ಎತ್ತಿದಾಗ ಹಾಳೆ ಮೇಲೇಳದಿದ್ದರೆ ಬೇರು ಹಿಡಿದಿದೆ ಎಂದರ್ಥ. ಕತ್ತರಿಸುವಾಗ ಒಮ್ಮೆಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

9. ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1) ಏಪ್ರಿಲ್‌ನಲ್ಲಿ ಈ ಹುಲ್ಲಿಗೆ ನೀರು ಎಲ್ಲಿಂದ? ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಒಪ್ಪಿದೆಯೇ?
2) ಬಾವಿಯ ನೀರನ್ನು ಯಾವ ತಿಂಗಳಲ್ಲಿ ಪರೀಕ್ಷಿಸಲಾಯಿತು?
3) ಅಂದಾಜುಪಟ್ಟಿ ಒಟ್ಟು ಜಾಗಕ್ಕೋ, ನಿವ್ವಳ ವಿಸ್ತೀರ್ಣಕ್ಕೋ?
4) ಯಾವ ತಿಂಗಳಲ್ಲಿ ಹಾಸಲಾಗುತ್ತದೆ?
5) 90 ದಿನಗಳ ನಂತರ ಕತ್ತರಿಸುವವರು ಯಾರು, ಅವರ ಕೂಲಿ ಯಾವ ಲೆಕ್ಕಶೀರ್ಷಿಕೆಯಿಂದ?

ಅಭ್ಯಾಸ: ತಮ್ಮ ಪಂಚಾಯತ್ ವ್ಯಾಪ್ತಿಯ ಒಂದು ಉದ್ಯಾನ ಅಥವಾ ಅಂಗಳವನ್ನು ಅಳೆದು, ನಿವ್ವಳ ವಿಸ್ತೀರ್ಣ, ದಿನದ ನೀರಿನ ಅಗತ್ಯ ಹಾಗೂ ಅದು ಎಷ್ಟು ಜನರ ಪಾಲಿಗೆ ಸಮ ಎಂಬುದನ್ನು ಮೇಲಿನ ಕ್ರಮದಲ್ಲಿ ಲೆಕ್ಕಹಾಕಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು. ಐದು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ದೊರೆಯದಿದ್ದಲ್ಲಿ ಉಳಿದವುಗಳನ್ನು ಕೇಳುವ ಅಗತ್ಯವಿಲ್ಲ, ಪ್ರಸ್ತಾವನೆಯನ್ನು ಮುಂದೂಡಬಹುದು.